ಗಾಜಿನ ತೊಟ್ಟಿಯ ತಿಳಿನೀರು

ಮುಂಬಯಿಯ ನಮ್ಮವರ ಹೊಟೇಲುಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮೀನಿನ ತೊಟ್ಟಿಯೊಂದನ್ನು ಇರಿಸಿರುವುದನ್ನು ಓದುಗರು ಕಂಡಿರಬಹುದು. ನಾವು ಹೊಟೇಲು ನಡೆಸುತ್ತಿದ್ದಾಗ ನಮ್ಮಲ್ಲಿಯೂ ಅಂಥದೊಂದು ಇದ್ದಿತು. ಕ್ರಾಫರ್ಡ್ ಮಾರ್ಕೆಟಿನಿಂದ ತಂದ 60 ಲೀಟರಿನ ತೊಟ್ಟಿ. ಅದರಲ್ಲಿ ಎಂಟು ಮೀನುಗಳು. ಕೆಲವು ತಿಂಗಳಲ್ಲಿ ಗಾಜಿಗೆ ಪಾಚಿ ಹತ್ತಿತು. ಹೊಟೇಲಿನವರಿಗೆ ಶುಚಿಯೆಂದರೆ ಪಾತ್ರೆ ತೊಳೆಯುವ ಶುಚಿಯೇ. ಒಂದು ಸೋಮವಾರ ಮೀನುಗಳನ್ನು ಬಕೀಟಿಗೆ ಹಾಕಿಸಿ, ನೀರನ್ನೆಲ್ಲ ಚೆಲ್ಲಿಸಿ, ಗಾಜನ್ನೂ ಮರಳನ್ನೂ ಸಾಬೂನು ಹಾಕಿ ತೊಳೆಸಿ, ನಲ್ಲಿಯ ಹೊಸ ನೀರನ್ನು ತುಂಬಿಸಿದೆವು. ತೊಟ್ಟಿಯು ಕನ್ನಡಿಯಂತೆ ಹೊಳೆಯಿತು.

ಮಾರನೆಯ ಬೆಳಗ್ಗೆ ಬಾಗಿಲು ತೆಗೆದ ಹುಡುಗನು, “ಧಣಿ, ಒಂದೂ ಉಳಿಯಲಿಲ್ಲ” ಎಂದನು. ದಿನವೂ ಅವುಗಳಿಗೆ ತಿಂಡಿ ಹಾಕುತ್ತಿದ್ದವನು ಅವನೇ. ಅವನ ಮುಖ ನೋಡುವುದು ನಮಗೆ ಕಷ್ಟವಾಯಿತು. ಕೊಳೆಯಿಂದ ಸಾಯದ ಮೀನುಗಳನ್ನು ನಾವು ಶುಚಿಯಿಂದ ಕೊಂದಿದ್ದೆವು.

ಹೀಗೇಕಾಯಿತೆಂಬುದನ್ನು ನಾವು ತಿಳಿದುಕೊಂಡದ್ದು ಆ ಮೇಲೆ. ರೋಗಾಣುಗಳ ನಾಶಕ್ಕಾಗಿ ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ನಮಗೆ ಹಿತವಾದ ಅದು ಮೀನಿನ ಕಿವಿರುಗಳಿಗೆ ವಿಷ. ಸಾಬೂನಿನ ಅಂಶವೂ ಹಾಗೆಯೇ. ಇನ್ನೊಂದು ಕಾರಣವು ಕಣ್ಣಿಗೆ ಕಾಣುವಂಥದಲ್ಲ. ಮೀನುಗಳು ಅಮೋನಿಯಾವನ್ನು ವಿಸರ್ಜಿಸುತ್ತವೆ. ಮರಳಿನಲ್ಲಿಯೂ ಎಲೆಗಳ ಮೇಲೂ ನೆಲಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ಅಲ್ಪ ಪ್ರಮಾಣದಲ್ಲಿಯೂ ಘಾತಕ, ಮೂರನೆಯದು ಅಷ್ಟಲ್ಲ. ಹೊಸ ತೊಟ್ಟಿಯಲ್ಲಿ ಈ ಉಪಕಾರಿ ಜೀವಿಗಳು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಹೇಗೋ ತೊಟ್ಟಿಗೆ ಅವು ಹಾಗೆ. ಎಲ್ಲವನ್ನೂ ತೊಳೆದು ನಾವು ಹೆಪ್ಪನ್ನೇ ಚೆಲ್ಲಿದ್ದೆವು.

ಈ ಕೆಲಸದಲ್ಲಿ ಗಿಡಗಳೂ ನೆರವಾಗುತ್ತವೆ. ಅಮೋನಿಯಾ, ನೈಟ್ರೇಟುಗಳು ಅವುಗಳಿಗೆ ಗೊಬ್ಬರ; ಬೆಳಕಿರುವಾಗ ಅವು ಆಮ್ಲಜನಕವನ್ನೂ ಕೊಡುತ್ತವೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಚಿಕ್ಕ ಚಿನ್ನದ ಮೀನುಗಳೆರಡನ್ನು ವ್ಯಾಲಿಸ್ನೇರಿಯಾ ಗಿಡದೊಡನೆ ಸಾಕಿ, ಈ ಸಮತೋಲನವನ್ನು 1850ರಲ್ಲಿಯೇ ವಿವರಿಸಿದನು. ಆದರೆ ಉದುರಿದ ಎಲೆಗಳು ಕೊಳೆತು ನೀರು ಕದಡಲು, ಅವುಗಳನ್ನು ತಿನ್ನುವ ಬಸವನಹುಳುಗಳನ್ನು ಆತನು ಬಿಡಬೇಕಾಯಿತು. ಗಿಡ ನೆಟ್ಟ ಮಾತ್ರಕ್ಕೆ ಮನುಷ್ಯನ ಕೆಲಸ ಮುಗಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಮಾಡಬೇಕಾದ್ದೇನು? ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗದಷ್ಟು ನೀರನ್ನು ಮಾತ್ರ ಬದಲಿಸಬೇಕು. 60 ಲೀಟರಿಗೆ 15 ಲೀಟರು. ರಬ್ಬರು ಕೊಳವೆಯನ್ನು ಮರಳಿನ ಮೇಲೆ ಆಡಿಸಿದರೆ ಹಿಕ್ಕೆಯೂ ಕೊಳೆತ ಎಲೆಯೂ ನೀರಿನೊಡನೆ ಹೊರಬರುತ್ತವೆ. ಹೊಸ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಬಕೀಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮೈನ್ ಬೆರೆಸುವ ಊರುಗಳಲ್ಲಿ ಇಷ್ಟು ಸಾಲದು. ಮೀನಿನ ಅಂಗಡಿಯಲ್ಲಿ ಸಿಗುವ ಔಷಧವನ್ನು ಬಳಸಬೇಕು. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ಹೊರತೆಗೆದ ನೀರಿನಲ್ಲಿಯೇ ಹಿಂಡಬೇಕು. ನೇರ ಬಿಸಿಲು ಬಿದ್ದರೆ ಪಾಚಿ ಹೆಚ್ಚುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿಂಡಿ ಸಾಕು. ರಾತ್ರಿಯಲ್ಲಿ ಗಿಡಗಳೂ ಆಮ್ಲಜನಕವನ್ನು ಬಳಸುವುದರಿಂದ ಮೀನುಗಳ ಸಂಖ್ಯೆ ಮಿತಿಯಲ್ಲಿರಲಿ.

ಖೋಲಿಯಲ್ಲಿ ಚಿಕ್ಕ ತೊಟ್ಟಿಯಿರಿಸುವ ಆಸೆಯುಳ್ಳ ಓದುಗರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮೊದಲು ಗಿಡಗಳನ್ನು ನೆಟ್ಟು, ಎರಡು ಮೂರು ಗಪ್ಪಿ ಮೀನುಗಳಿಂದ ಆರಂಭಿಸಿರಿ. ನೀರು ಸ್ವಲ್ಪ ಹಳದಿಗೆ ತಿರುಗಿದರೂ ಗಾಬರಿಗೊಂಡು ಪೂರ್ತಿ ಚೆಲ್ಲಬೇಡಿರಿ.

ನಮ್ಮ ತೊಟ್ಟಿಯನ್ನು ಮತ್ತೆ ಹೂಡಿದವನು ಆ ಹುಡುಗನೇ. ಹೈಡ್ರಿಲ್ಲಾ ನೆಟ್ಟು, ತಿಂಗಳು ಕಾದು, ಮೂರೇ ಮೀನುಗಳನ್ನು ಬಿಟ್ಟನು. ಪ್ರತಿ ಭಾನುವಾರ ಮಧ್ಯಾಹ್ನದ ಗಿರಾಕಿ ಕಳೆದ ಮೇಲೆ ಹದಿನೈದು ಲೀಟರು ನೀರು ತೆಗೆದು, ಬಾಗಿಲ ಬಳಿಯ ತುಳಸಿಗೆ ಹೊಯ್ಯುತ್ತಿದ್ದನು. ನಾವು ಹೊಟೇಲು ಬಿಟ್ಟುಕೊಡುವಾಗ ಆ ತೊಟ್ಟಿಯನ್ನು ಅವನಿಗೇ ಕೊಟ್ಟೆವು. ಆಗಲೂ ಮೂರು ಮೀನುಗಳೂ ಈಜುತ್ತಿದ್ದವು.