ಒಂದೇ ಮಿಡಿತಕ್ಕೆ ಗುರುತು ಹೇಳುವ ಸಿಲಿಕಾನ್

2004ರ ಡಿಸೆಂಬರ್ 16. ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಬಳಿಯ ಹಿಮಬಯಲಿನಿಂದ ಹೀಲಿಯಂ ತುಂಬಿದ ದೈತ್ಯ ಬಲೂನೊಂದು ಮೇಲೆದ್ದಿತು. ಅಲ್ಲಿ ಆಗ ಬೇಸಿಗೆ, ಸೂರ್ಯ ಮುಳುಗುವುದೇ ಇಲ್ಲ. ರಾತ್ರಿಯ ಚಳಿಗೆ ಅನಿಲ ಕುಗ್ಗಿ ಬಲೂನು ಕೆಳಗಿಳಿಯುವ ಭಯವೂ ಇಲ್ಲ. ಧ್ರುವದ ಸುತ್ತ ಬೀಸುವ ಗಾಳಿಯ ಜೊತೆ 42 ದಿನ ತೇಲಿ, ಅದು ಮೂರು ಪ್ರದಕ್ಷಿಣೆ ಹಾಕಿತು! ಎತ್ತರ ಸುಮಾರು 38ರಿಂದ 40 ಕಿಲೋಮೀಟರ್. ವಾತಾವರಣದ ಶೇ. 99ಕ್ಕೂ ಹೆಚ್ಚು ಭಾಗ ಅದರ ಕೆಳಗೇ ಉಳಿದಿತ್ತು.

ಬಲೂನು ಹೊತ್ತಿದ್ದು 'ಕ್ರೀಮ್' ಎಂಬ ಉಪಕರಣವನ್ನು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಯುನ್-ಸುಕ್ ಸೋ ಅದರ ಮುಂದಾಳು. ಅದರೊಳಗೆ ಕೊರಿಯಾದಲ್ಲಿ ತಯಾರಾದ ಸಿಲಿಕಾನ್ ಹಾಸು: 2,912 ಪುಟ್ಟ ಬಿಲ್ಲೆಗಳು. ಒಂದೊಂದೂ ಹೆಬ್ಬೆರಳ ಉಗುರಿನಷ್ಟು, ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ನಕ್ಷತ್ರ ಸಿಡಿದು ಚಿಮ್ಮಿದ, ಯುಗಗಟ್ಟಲೆ ಆಕಾಶಗಂಗೆಯಲ್ಲಿ ಅಲೆದ ಪರಮಾಣು ಬೀಜವೊಂದು, ಅಂದರೆ ವಿಶ್ವಕಿರಣದ ಕಣ, ಬೆಳಕಿನ ವೇಗಕ್ಕೆ ತೀರಾ ಹತ್ತಿರದ ವೇಗದಲ್ಲಿ ಇದನ್ನು ತೂರಿಹೋಗುತ್ತದೆ. ಹೋಗುತ್ತಲೇ ಸಿಲಿಕಾನಿನ ಎಲೆಕ್ಟ್ರಾನುಗಳನ್ನು ಕದಲಿಸುತ್ತದೆ, ಅಷ್ಟಕ್ಕೇ ಒಂದು ವಿದ್ಯುತ್ ಮಿಡಿತ! ಬೀಜದ ವಿದ್ಯುದಂಶ ಎಷ್ಟೋ, ಅದರ ವರ್ಗದಷ್ಟು ಮಿಡಿತದ ಬಲ. ಹೈಡ್ರೋಜನ್ನಿಗೆ (ಅದರ ಬೀಜವೇ ಪ್ರೋಟಾನು) 1 ಎಂದರೆ ಹೀಲಿಯಂಗೆ 4, ಇಂಗಾಲಕ್ಕೆ 36, ಕಬ್ಬಿಣಕ್ಕೆ 676. ಬಂದ ಅತಿಥಿ ಯಾರೆಂದು ಆ ಒಂದು ಮಿಡಿತವೇ ಹೇಳಿಬಿಡುತ್ತದೆ!

ಇಷ್ಟು ಸಣ್ಣ ಬಿಲ್ಲೆಗಳೇ ಏಕೆ ಬೇಕು? ನನಗೆ ಅತಿ ಸೊಗಸೆನಿಸುವುದು ಇದೇ ಜಾಣ್ಮೆ. ಶಕ್ತಿ ಅಳೆಯಲು ಕೆಳಗೆ ಟಂಗ್‌ಸ್ಟನ್ ಪದರಗಳಿವೆ. ಕಣ ಅಲ್ಲಿಗೆ ಅಪ್ಪಳಿಸಿದಾಗ ಹೊಸ ಕಣಗಳ ಮಳೆಯೇ ಸುರಿಯುತ್ತದೆ, ಅದರಲ್ಲಿ ಕೆಲವು ಮೇಲಕ್ಕೂ ಸಿಡಿಯುತ್ತವೆ. ಸಿಲಿಕಾನ್ ಒಂದೇ ಅಗಲ ಹಲಗೆಯಾಗಿದ್ದರೆ ಆ ಸಿಡಿತವೂ ಅತಿಥಿಯ ಲೆಕ್ಕಕ್ಕೆ ಸೇರಿ ಪ್ರೋಟಾನು ಹೀಲಿಯಂ ಆಗಿ ಕಾಣುತ್ತಿತ್ತು. ಬಿಲ್ಲೆ ಬಿಲ್ಲೆಯಾಗಿ ಒಡೆದಿರುವುದರಿಂದ ಸಿಡಿತದ ಬಹುಪಾಲು ಬೇರೆ ಬಿಲ್ಲೆಗಳಿಗೆ ತಾಗುತ್ತದೆ, ಗುರುತು ಕೆಡುವುದಿಲ್ಲ.

ಫಲ ಬಂದದ್ದು 2010ರಲ್ಲಿ. ಶಕ್ತಿ ಏರಿದಂತೆ ವಿಶ್ವಕಿರಣದ ಕಣಗಳು ಒಂದೇ ಹದದಲ್ಲಿ ವಿರಳವಾಗುತ್ತವೆ, ಗ್ರಾಫಿನ ಇಳಿಜಾರು ನೇರ ಎಂದೇ ಬಹುಕಾಲದ ನಂಬಿಕೆ. ಕ್ರೀಮ್ ಕಂಡದ್ದೇ ಬೇರೆ! ಬೀಜದೊಳಗಿನ ಪ್ರತಿ ನ್ಯೂಕ್ಲಿಯಾನಿಗೆ (ಪ್ರೋಟಾನು ಅಥವಾ ನ್ಯೂಟ್ರಾನಿಗೆ) ಸುಮಾರು 200 ಗಿಗಾ ಎಲೆಕ್ಟ್ರಾನ್‌ವೋಲ್ಟ್ ದಾಟಿದ ಮೇಲೆ ಇಳಿಜಾರು ಸಡಿಲಗೊಳ್ಳುತ್ತದೆ, ನಿರೀಕ್ಷೆಗಿಂತ ಹೆಚ್ಚು ಕಣಗಳು ಸಿಗುತ್ತವೆ. ಪ್ರೋಟಾನಿನ ಇಳಿಜಾರೂ ಹೀಲಿಯಂನದೂ ಒಂದೇ ಅಲ್ಲ. ಮುಂದೆ ಪಮೇಲಾ ಉಪಗ್ರಹ ಪ್ರಯೋಗಕ್ಕೂ ಬಾಹ್ಯಾಕಾಶ ನಿಲ್ದಾಣದ ಎ.ಎಂ.ಎಸ್. ಉಪಕರಣಕ್ಕೂ ಈ ತಿರುವು ಕಂಡಿತು. ಹತ್ತಿರದ ಯಾವುದೋ ಸ್ಫೋಟ ಕಾರಣವೋ, ಕಣಗಳು ಆಕಾಶಗಂಗೆಯಲ್ಲಿ ಹರಡುವ ರೀತಿಯೇ ಹಾಗೋ ಎಂಬ ಚರ್ಚೆ ಎದ್ದಿತು.

2017ರ ಆಗಸ್ಟಿನಲ್ಲಿ ಕ್ರೀಮ್ ಹೊಸ ರೂಪ ತಾಳಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೇ ಏರಿತು. ಈ ಸಲ ಅದರಲ್ಲಿದ್ದ ಸಿಲಿಕಾನ್ ಹಾಸುಗಳು ನಾಲ್ಕು.