ಬೇಲಿಯಾಚೆಗೂ ಬೇಕು ಯೋಜನೆ: ಎಲೆಕ್ಟ್ರಾನಿಕ್ ಸಿಟಿ

ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಬೊಮ್ಮನಹಳ್ಳಿ ದಾಟಿ ಮುಂದೆ ಸಾಗಿದರೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಸಿಗುತ್ತವೆ. 1978ರಲ್ಲಿ ಈ ಹಳ್ಳಿಗಳ 332 ಎಕರೆ ಜಮೀನಿನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿ ಎಂಬ ಕೈಗಾರಿಕಾ ನಗರಕ್ಕೆ ತಳಪಾಯ ಹಾಕಿತು. ಸಂಸ್ಥೆಯ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಕಂಡ ಕನಸು ಅದು. ಎಚ್‌ಎಎಲ್, ಬಿಇಎಲ್, ಐಟಿಐಯಂಥ ಸಾರ್ವಜನಿಕ ಉದ್ದಿಮೆಗಳಿಂದಾಗಿ ಬೆಂಗಳೂರಿನಲ್ಲಿ ನುರಿತ ಎಂಜಿನಿಯರುಗಳಿಗೆ ಕೊರತೆಯಿರಲಿಲ್ಲ; ಆದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಮೀಸಲಾದ ನೆಲ ಬೇಕಿತ್ತು.

ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಬಂತು. 1994ರಲ್ಲಿ ಇನ್ಫೋಸಿಸ್ ತನ್ನ ಪ್ರಧಾನ ಕಚೇರಿಯನ್ನು ಇಲ್ಲಿಗೆ ತಂದಿತು. ಉದ್ಯೋಗಿಗಳ ಸಂಖ್ಯೆ ಬೆಳೆದಷ್ಟು ವೇಗವಾಗಿ ಸಾರಿಗೆ ಬೆಳೆಯಲಿಲ್ಲ. ಸಿಲ್ಕ್ ಬೋರ್ಡ್‌ನಿಂದ ಬರುವ, ಸುಮಾರು ಹತ್ತು ಕಿ.ಮೀ. ಉದ್ದದ ಮೇಲ್ಸೇತುವೆ ತೆರೆದದ್ದು 2010ರಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ಸಂಚಾರಕ್ಕೆ ಮುಕ್ತವಾದದ್ದು 2025ರ ಆಗಸ್ಟ್‌ನಲ್ಲಿ. 1978ರಲ್ಲಿ ತಳಪಾಯ ಹಾಕಿದ ಮೇಲೆ ಮೆಟ್ರೊ ಬರಲು 47 ವರ್ಷ ಬೇಕಾಯಿತು. ಆ ವಿಳಂಬದ ಬೆಲೆಯನ್ನು ದಿನವೂ ಬಸ್ಸು, ಕ್ಯಾಬುಗಳಲ್ಲಿ ಗಂಟೆಗಟ್ಟಲೆ ಕಳೆದ ಉದ್ಯೋಗಿಗಳು ತೆತ್ತರು.

ಒಳಗಿನ ವ್ಯವಸ್ಥೆ ಮಾತ್ರ ಅಚ್ಚುಕಟ್ಟು. 2013ರಲ್ಲಿ ರಚನೆಯಾದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ 'ಎಲ್ಸಿಟಾ' ಇಲ್ಲಿನ ಆಸ್ತಿ ತೆರಿಗೆ ಸಂಗ್ರಹಿಸಿ ರಸ್ತೆ, ಚರಂಡಿ, ಬೀದಿದೀಪ, ಕಸ ವಿಲೇವಾರಿಯನ್ನು ನೋಡಿಕೊಳ್ಳುತ್ತದೆ. ಸಂವಿಧಾನದ 243ಕ್ಯೂ ವಿಧಿ ಇಂಥ ಟೌನ್‌ಶಿಪ್‌ಗಳಿಗೆ ಅವಕಾಶ ಕೊಟ್ಟಿದೆ. ಬೇರೆ ಊರುಗಳಂತೆ ಜನ ಆರಿಸಿದ ಪುರಸಭೆ ಇಲ್ಲಿಲ್ಲ. ಉದ್ಯಮದ ಪ್ರತಿನಿಧಿಗಳೂ ಅಧಿಕಾರಿಗಳೂ ಸೇರಿ ಆಡಳಿತ ನಡೆಸುತ್ತಾರೆ.

ಆದರೆ ಇಲ್ಲಿ ದುಡಿಯುವ ಬಹುತೇಕರ ಬದುಕು ಪ್ರಾಧಿಕಾರದ ಗಡಿಯಾಚೆ ಇದೆ. ದೊಡ್ಡತೋಗೂರು, ನೀಲಾದ್ರಿ ನಗರ, ಹೆಬ್ಬಗೋಡಿಯ ಗಲ್ಲಿಗಳಲ್ಲಿ ಪಿಜಿಗಳು, ಬಾಡಿಗೆ ಮನೆಗಳು ಒತ್ತೊತ್ತಾಗಿ ಎದ್ದಿವೆ. ಸೆಕ್ಯುರಿಟಿ ಕಾವಲುಗಾರರು, ಹೌಸ್‌ಕೀಪಿಂಗ್ ಮಹಿಳೆಯರು, ಗಾರ್ಮೆಂಟ್ಸ್ ಕಾರ್ಮಿಕರು, ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಈ ಗಲ್ಲಿಗಳಲ್ಲೇ ನೆಲೆಸಿದ್ದಾರೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಎಷ್ಟೋ ಮನೆಗಳಿಗೆ ಆಧಾರ.

ಕಚೇರಿಗೆ ನಿವೇಶನ ಹಂಚಿದರೆ ನಗರ ಯೋಜನೆ ಮುಗಿಯುವುದಿಲ್ಲ. ದುಡಿಯುವವರ ಮನೆ, ಕುಡಿಯುವ ನೀರು, ಕೆರೆ, ಶಾಲೆ, ನಡೆದಾಡುವ ದಾರಿಗಳೂ ಅದೇ ನಕ್ಷೆಯಲ್ಲಿ, ಅದೇ ದಿನ ಸೇರಬೇಕು. ಬೆಂಗಳೂರಿನ ಸುತ್ತ ಹೊಸ ಉದ್ಯಮ ವಲಯಗಳಿಗೆ ಜಮೀನು ಗುರುತಿಸುವವರು ಮೊದಲು ಎಲೆಕ್ಟ್ರಾನಿಕ್ ಸಿಟಿಯ ಅಕ್ಕಪಕ್ಕದ ಹಳ್ಳಿಗಳನ್ನು ಸುತ್ತಿ ಬರಲಿ. ಜಮೀನು ಕೊಟ್ಟ ಊರಿಗೂ ಒಳಗಿನಷ್ಟೇ ಒಳ್ಳೆಯ ರಸ್ತೆ, ನೀರು ಸಿಗಬೇಕೆಂಬುದು ಯೋಜನೆಯ ಮೊದಲ ಷರತ್ತಾಗಲಿ.