ಸಮಾಧಿಕಲ್ಲಿನ ಮೇಲಣ ಕ್ಯೂಆರ್ ಕೋಡ್: ಸ್ಮರಣೆ ಮತ್ತು ಪಾಲನೆ

ಸತ್ತವರ ನೆನಪನ್ನು ಕಲ್ಲಿಗೆ ಒಪ್ಪಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲುಗಳು ಶಿಲ್ಪವನ್ನೋ ಬರೆಹವನ್ನೋ ತಮ್ಮ ಮೈಮೇಲೆಯೇ ಹೊತ್ತು ನಿಂತಿವೆ. ಈಚೆಗೆ ಸಮಾಧಿಗಳ ಮೇಲೆ ಕಾಣಿಸಿಕೊಳ್ಳುತ್ತಿರುವ ಕ್ಯೂಆರ್ ಕೋಡಿನ ಸ್ವರೂಪ ಬೇರೆ. ಜಪಾನಿನಲ್ಲಿ 1994ರಲ್ಲಿ ವಾಹನಗಳ ಬಿಡಿಭಾಗಗಳನ್ನು ಗುರುತಿಸಲು ರೂಪುಗೊಂಡ ಈ ಕಪ್ಪು-ಬಿಳುಪಿನ ಚೌಕ, 2008ರಲ್ಲಿ ಅದೇ ದೇಶದ ಸಮಾಧಿಕಲ್ಲುಗಳಿಗೆ ಬಂದಿತು. ಅದರ ಮುಂದೆ ಮೊಬೈಲ್ ಹಿಡಿದರೆ ಮೃತರ ಭಾವಚಿತ್ರ, ಜೀವನವೃತ್ತಾಂತಗಳುಳ್ಳ ಅಂತರಜಾಲ ಪುಟ ತೆರೆದುಕೊಳ್ಳುತ್ತದೆ.

ಕಲ್ಲಿನ ಮೇಲೆ ಉಳಿಯುವುದು ಆ ಪುಟದ ವಿಳಾಸ ಮಾತ್ರ. ಅತ್ಯುನ್ನತ ದೋಷನಿವಾರಣಾ ಮಟ್ಟದಲ್ಲಿ ರಚಿಸಿದ ಕೋಡಿನ ಸುಮಾರು ಶೇಕಡಾ 30ರಷ್ಟು ಭಾಗ ಹಾಳಾದರೂ ಯಂತ್ರ ಅದನ್ನು ಓದಬಲ್ಲದು. ಆದರೆ ಪುಟವನ್ನು ಇರಿಸಿಕೊಂಡ ಸಂಸ್ಥೆ ಮುಚ್ಚಿದರೆ, ವಿಳಾಸದ ಶುಲ್ಕ ಕಟ್ಟುವವರು ಇಲ್ಲವಾದರೆ, ಒಂದು ಚುಕ್ಕೆಯೂ ಅಳಿಯದ ಕೋಡ್ ನೋಡುಗರನ್ನು ಎಲ್ಲಿಗೂ ಒಯ್ಯದು.

ಪಾಲನೆಯ ಈ ಚಿಂತೆ ಪ್ರಾಚೀನರಿಗೂ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949-50ರ ಶಾಸನ ಇದಕ್ಕೆ ಉತ್ತಮ ನಿದರ್ಶನ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗಾಗಿ ಮಣಲೇರನು ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುವನೆಂದು ಶಾಸನ ವಿಧಿಸುತ್ತದೆ. ನಾಯಿಯ ಪಾಪವನ್ನು ಮನುಷ್ಯನ ತಲೆಗೆ ಕಟ್ಟುವ ಈ ಶಾಪೋಕ್ತಿ ಜಾನಪದ ದೃಷ್ಟಿಯಿಂದಲೂ ಸ್ವಾರಸ್ಯಕರ. ಆತಕೂರಿನ ಕಲ್ಲು ಊರು ಬಿಟ್ಟು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಅಕ್ಷರಗಳು ಮಾತ್ರ ಕಲ್ಲಿನೊಡನೆಯೇ ಬಂದವು. ಭೂಮಿ, ಪೂಜೆ, ಗೊರವ ಯಾವುದೂ ಇಲ್ಲದೆಯೂ ಕಾಳಿಯ ಕಥೆಯನ್ನು ಅಲ್ಲಿ ಓದಬಹುದು. ಅಂತರಜಾಲದ ಸ್ಮಾರಕಕ್ಕೆ ಈ ಎರಡನೆಯ ಆಸರೆ ಇಲ್ಲ.

ಕೋಡನ್ನು ಅಂಟಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಯೂ ಉಂಟು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಮೂರು ರುದ್ರಭೂಮಿಗಳಲ್ಲಿ ಸಾವಿರಕ್ಕೂ ಹೆಚ್ಚು ಸಮಾಧಿಗಳ ಮೇಲೆ ಇಂತಹ ಚೀಟಿಗಳು ಕಂಡುಬಂದು ಪೊಲೀಸ್ ತನಿಖೆ ನಡೆಯಿತು. ಸಮಾಧಿಕಲ್ಲುಗಳ ನಿರ್ವಹಣೆ ವಹಿಸಿಕೊಂಡಿದ್ದ ಸಂಸ್ಥೆಯೊಂದು ತನ್ನ ಕೆಲಸದ ಗುರುತಿಗಾಗಿ ಅವುಗಳನ್ನು ಅಂಟಿಸಿತ್ತು.

ವಿಳಾಸದ ಬದಲು ಚರಿತ್ರೆಯನ್ನೇ ಕೋಡಿನೊಳಗೆ ಅಡಕಗೊಳಿಸಲು ಸಾಧ್ಯವಿದೆ. ಅತಿ ದೊಡ್ಡ ಕೋಡಿನಲ್ಲಿ 2,953 ಬೈಟುಗಳು ಹಿಡಿಯುತ್ತವೆ. ಕನ್ನಡದ ಪ್ರತಿಯೊಂದು ಯುನಿಕೋಡ್ ಚಿಹ್ನೆಗೆ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ ಸುಮಾರು 980 ಚಿಹ್ನೆಗಳಿಗೆ ಅಲ್ಲಿ ಎಡೆಯುಂಟು. ಎಷ್ಟೋ ವೀರಗಲ್ಲುಗಳ ಶಾಸನಪಾಠ ಇದಕ್ಕಿಂತ ಚಿಕ್ಕದು. ಆದರೆ ಅಷ್ಟನ್ನು ತುಂಬಿದಾಗ ದೋಷನಿವಾರಣಾ ಶಕ್ತಿ ಶೇಕಡಾ 7ಕ್ಕೆ ಇಳಿಯುತ್ತದೆ. ಒಂದೊಂದು ಬದಿಗೆ 177 ಚುಕ್ಕೆಗಳಿರುವ ಅಂತಹ ಚೌಕವನ್ನು ಮಳೆಬಿಸಿಲಿಗೆ ತೆರೆದ ಕಲ್ಲಿನಲ್ಲಿ ಕಾಪಾಡುವುದು ಸುಲಭವಲ್ಲ. ಕನಿಷ್ಠ ಹೆಸರು, ಊರು, ತಿಥಿಗಳನ್ನಾದರೂ ಉಳಿಯಿಂದ ಕೊರೆಸುವ ಅಗತ್ಯ ಈಗಲೂ ಉಳಿದಿದೆ.